ಅತ್ತೆಯ ಲಾರಿ ಮತ್ತು ನಡುವಿನ ಚಿತ್ರ

ನಮ್ಮ ಮನೆಗೆ ಬಂದ ಯಾವ ಯಂತ್ರವೂ ತಾನು ಬಂದ ಕೆಲಸ ಮಾಡಿಕೊಂಡು ಸುಮ್ಮನೆ ಇದ್ದದ್ದಿಲ್ಲ. ವಾಷಿಂಗ್ ಮೆಷಿನ್ನಿನ ನೆತ್ತಿಯ ಮೇಲೆ ಹಪ್ಪಳ ಒಣಗುತ್ತದೆ. ಟ್ರೆಡ್‌ಮಿಲ್ ಮೇಲೆ ನಮ್ಮ ಯಜಮಾನರು ಒಂದು ವಾರ ನಡೆದರು, ಆಮೇಲಿಂದ ಅದರ ಮೇಲೆ ಅವರ ಪ್ಯಾಂಟುಗಳು ನೇತಾಡುತ್ತಿವೆ. ಹೀಗಿರುವಾಗ ಆಫೀಸಿನ ಕೆಲಸ ಮನೆಯಿಂದಲೇ ಮಾಡಲೆಂದು ತಂದ ಕಂಪ್ಯೂಟರ್ ಒಂದು ದಿನ ಲಾರಿಯಾಯಿತು ಎಂದರೆ ನಮ್ಮನ್ನು ಬಲ್ಲವರು ಯಾರೂ ಆಶ್ಚರ್ಯಪಡುವುದಿಲ್ಲ.

ಬನಶಂಕರಿ ಎರಡನೇ ಹಂತದ ಈ ಮನೆಯಲ್ಲಿ ನಾವು ಮೂರೇ ಜನ. ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನನಗಿರುವುದು ಕುತೂಹಲದ ಕಾಯಿಲೆ. ಏನನ್ನು ಕಂಡರೂ ಒಳಗೆ ಏನಿದೆ ಎಂದು ನೋಡದಿದ್ದರೆ ಅನ್ನ ಸೇರುವುದಿಲ್ಲ. ನಮ್ಮ ಯಜಮಾನರದು ಇನ್ಶೂರೆನ್ಸ್ ಆಫೀಸು, ಹಾಗಾಗಿ ಅವರಿಗೆ ಎಲ್ಲದರಲ್ಲೂ ಮೊದಲು ಕಾಣುವುದು ಅಪಾಯ. ನಾನು ಏನನ್ನು ಬಿಚ್ಚಿದರೂ "ಯಾಕ್ ಬೇಕಿತ್ತು ಇದೆಲ್ಲ?" ಎನ್ನುತ್ತಾರೆ. ಮೂರನೆಯವರು ನನ್ನ ಅತ್ತೆ. ಎಪ್ಪತ್ತು ದಾಟಿದೆ. ಲಾರಿ ಡ್ರೈವರ್.

ಜರ್ಮನಿಗೆ ಲೋಡು

ಮಾವನವರ ಕಾಲದಲ್ಲಿ ಮನೆಯಲ್ಲೊಂದು ಕಾರಿತ್ತಂತೆ. ಅದನ್ನು ಒರೆಸುವುದು, ಶುಕ್ರವಾರ ಕುಂಕುಮ ಇಡುವುದು ಅತ್ತೆಯ ಪಾಲಿಗೆ, ಓಡಿಸುವುದು ಮಾವನವರ ಪಾಲಿಗೆ. ಒಮ್ಮೆ ಅತ್ತೆ ಧೈರ್ಯ ಮಾಡಿ ನಾನೂ ಕಲಿಯಲಾ ಎಂದು ಕೇಳಿದರು. ಮಾವನವರು, "ನೀನು ಮೊದಲು ಡೋರ್ ಸರಿಯಾಗಿ ಹಾಕೋದು ಕಲಿ" ಅಂದರಂತೆ. ಅತ್ತೆ ಆ ಕಾರು ಮಾರಿಹೋಗುವವರೆಗೂ ಡೋರ್ ಸರಿಯಾಗಿ ಹಾಕಿದರು. ಈ ಕಥೆ ಹೇಳುವಾಗ ಅವರು ನಗುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಸಿಟ್ಟು ಬರುತ್ತದೆ.

ಆ ಸಿಟ್ಟಿನಲ್ಲೇ ಇರಬೇಕು, ಒಂದು ರಜೆಯಲ್ಲಿ ಕಂಪ್ಯೂಟರಿಗೆ ಲಾರಿ ಓಡಿಸುವ ಆಟ ಹಾಕಿದೆ. ಜೊತೆಗೆ ಮೇಜಿಗೆ ಸಿಕ್ಕಿಸುವ ಒಂದು ಸ್ಟೇರಿಂಗು, ಕಾಲಡಿಗೆ ಇಡುವ ಎರಡು ಪೆಡಲ್ಲು ತಂದೆ. ಸುಮ್ಮನೆ ಒಮ್ಮೆ ಕೂತು ನೋಡಿ ಎಂದು ಅತ್ತೆಯನ್ನು ಕೂರಿಸಿದೆ. ಆ ದಿನ ಸಾರಿಗೆ ಒಗ್ಗರಣೆ ನಾನೇ ಹಾಕಬೇಕಾಯಿತು.

ಅತ್ತೆಯ ಡ್ರೈವಿಂಗಿಗೆ ಒಂದು ಶಿಸ್ತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೂರದ ಕನ್ನಡಕ ಹಾಕಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುತ್ತಾರೆ. ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಇಂಡಿಕೇಟರ್ ಹಾಕುತ್ತಾರೆ. ತಿರುವು ಬಂದಲ್ಲೆಲ್ಲ ಹಾರ್ನ್ ಹೊಡೆಯುತ್ತಾರೆ. ತಿಂಗಳೊಳಗೆ ಅರ್ಧ ಯೂರೋಪಿಗೆ ಸರಕು ಸಾಗಿಸಿದರು. ಒಂದು ದಿನ ಭಜನಾ ಮಂಡಳಿಯ ಗೆಳತಿ ಫೋನ್ ಮಾಡಿ ಇವತ್ತು ಯಾಕೆ ಬರಲಿಲ್ಲ ಎಂದು ಕೇಳಿದಾಗ ಅತ್ತೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ.

"ಇವತ್ತಾಗಲ್ಲ ಕಣೇ. ಜರ್ಮನಿಗೆ ಚೀಸ್ ಲೋಡಿದೆ, ಕೆಟ್ಟೋಗತ್ತೆ."

ಡಾಕ್ಟರ ಹತ್ತಿರ

ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಆಟದವರು ಅದನ್ನು ಮತ್ತಷ್ಟು ಚೆಂದ ಮಾಡಿ ಕಳಿಸಿದರು. ರಸ್ತೆಬದಿಯ ಹುಲ್ಲಿನ ಎಸಳೂ ಅಲ್ಲಾಡತೊಡಗಿತು, ನಮ್ಮ ಹಳೇ ಕಂಪ್ಯೂಟರಿಗೆ ಅದನ್ನೆಲ್ಲ ಬಿಡಿಸಲು ಉಸಿರು ಸಾಲಲಿಲ್ಲ. ಚಿತ್ರ ಸರಾಗವಾಗಿ ಓಡದೆ ಜಗ್ಗಿ ಜಗ್ಗಿ ಬರತೊಡಗಿತು. ಒಂದು ಸಂಜೆ ದೊಡ್ಡ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ ಅತ್ತೆ, ಹಾಗೇ ಎದ್ದು ಹೋಗಿ ಫ್ರಿಜ್ಜನ್ನು ತಬ್ಬಿಕೊಂಡು ನಿಂತರು.

"ತಲೆ ಸುತ್ತತ್ತೆ ಕಣೇ."

ಯಜಮಾನರಿಗೆ ಇಷ್ಟು ಸಾಕಾಯಿತು. "ಬಿದ್ದು ಸೊಂಟ ಮುರ್ಕೊಂಡ್ರೆ? ಯಾಕ್ ಬೇಕಿತ್ತು ಇದೆಲ್ಲ?" ಎಂದು ಮನೆಯ ಮಧ್ಯೆ ನಿಂತು ತೀರ್ಪು ಕೊಟ್ಟರು. ದೀಪಾವಳಿಗೆ ಗೊಟ್ಟಿಗೆರೆಯಿಂದ ಅವರ ತಂಗಿ ಬರುತ್ತಾಳೆ. ಅವಳ ಕಣ್ಣೆದುರು ಅತ್ತೆ ತಲೆ ಸುತ್ತದೆ ಲಾರಿ ಓಡಿಸಿ ತೋರಿಸಬೇಕು. ಆಗಲಿಲ್ಲವೋ, ಕಂಪ್ಯೂಟರಿನ ಡಬ್ಬ, ಸ್ಟೇರಿಂಗು, ಪೆಡಲ್ಲು ಎಲ್ಲ ಅವತ್ತೇ ಗೊಟ್ಟಿಗೆರೆಗೆ. ನಾದಿನಿಯ ಮಗಳ ಪ್ರಾಜೆಕ್ಟಿಗಾದರೂ ಆಗುತ್ತದೆ.

ಅತ್ತೆ ವಾದ ಮಾಡಲಿಲ್ಲ. ಕಾಫಿ ಲೋಟ ತೊಳೆಯುತ್ತಾ, "ಕಾರೂ ಹೋಯ್ತು, ಈಗ ಲಾರೀನೂ ಹೋಗತ್ತೆ ಬಿಡು" ಅಂದರು. ಆ 'ಬಿಡು' ಇದೆಯಲ್ಲ, ಅದನ್ನು ಮಾತ್ರ ನನಗೆ ಬಿಡಲಾಗಲಿಲ್ಲ. ಏನಾದರೂ ಸರಿ, ಈ ಲಾರಿ ಗೊಟ್ಟಿಗೆರೆಗೆ ಹೋಗಕೂಡದು ಎಂದು ಅಲ್ಲೇ ನಿರ್ಧರಿಸಿದೆ.

ಮೊದಲು ಡಾಕ್ಟರ ಹತ್ತಿರ ಹೋದೆವು. ಯುವಕ ಡಾಕ್ಟರು, ಬಹಳ ಸೌಮ್ಯ. ಬಿಪಿ ನೋಡಿದರು, ಕಿವಿ ನೋಡಿದರು, ಬೆರಳಾಡಿಸಿ ಕಣ್ಣು ನೋಡಿದರು. ಎಲ್ಲ ಸರಿಯಿತ್ತು.

"ಯಾವಾಗ ತಲೆ ಸುತ್ತತ್ತೆ ಅಜ್ಜಿ?"

"ಲಾರಿ ಓಡಿಸುವಾಗ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಎಲ್ಲಿ ಓಡಿಸ್ತೀರಾ?"

"ಪೋಲೆಂಡ್ ದಾಟೋವರೆಗೂ ಏನಾಗಲ್ಲಪ್ಪ. ಅಲ್ಲಿಂದಾಚೆಗೇ ಶುರು."

ಡಾಕ್ಟರು ಮತ್ತೊಮ್ಮೆ ಬಿಪಿ ನೋಡಿದರು. ಈ ಸಲ ನನ್ನದು.

ಸೂಟ್‌ಕೇಸು

ರೋಗಿ ಅತ್ತೆಯಲ್ಲ, ಕಂಪ್ಯೂಟರ್ ಎಂದು ಖಾತ್ರಿಯಾದ ಮೇಲೆ ಅದನ್ನು ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗೆ ಒಯ್ಯಬೇಕಾಯಿತು. ಆಟೋದಲ್ಲಿ, ನಮ್ಮ ರಸ್ತೆಯ ಹಂಪುಗಳ ಮೇಲೆ, ಅಷ್ಟು ಭಾರದ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುವುದು ಹೇಗೆ? ಅತ್ತೆಯ ಹಳೇ ಸೀರೆಗಳಲ್ಲಿ ಸುತ್ತಿ ಯಜಮಾನರ ದೊಡ್ಡ ಸೂಟ್‌ಕೇಸಿನಲ್ಲಿ ಮಲಗಿಸಿದೆ. ಅತ್ತೆ ಬಾಗಿಲವರೆಗೂ ಬಂದು, ಸೂಟ್‌ಕೇಸಿನ ಮೇಲೆ ಕೈಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಆಟೋ ಹತ್ತಿದೆ.

ಅಂಗಡಿಯ ಹುಡುಗ ಮಾತುಗಾರ. ಅವನು ಡಬ್ಬ ಬಿಚ್ಚಿ ನೋಡಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. "ಮೇಡಂ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿದ್ರೆ ಒಳ್ಳೇದು. ಬೇಡ ಅಂದ್ರೆ ಇದರಲ್ಲೇ ಫ್ರೇಮ್ ಜನರೇಷನ್ ಆನ್ ಮಾಡ್ಕೊಬೋದು. ಸಖತ್ ಸ್ಮೂತ್ ಆಗತ್ತೆ."

ಹಾಗೆಂದರೇನು ಎಂದು ಕೇಳಿದೆ. ಕಂಪ್ಯೂಟರ್ ಆಟವನ್ನು ಒಂದರ ಹಿಂದೊಂದು ಚಿತ್ರವಾಗಿ ಬಿಡಿಸುತ್ತದಂತೆ. ನಮ್ಮದು ಹಳೆಯದು, ಬೇಗ ಬೇಗ ಬಿಡಿಸಲಾಗದು, ಅದಕ್ಕೇ ಜಗ್ಗುವುದು. ಇದನ್ನು ಆನ್ ಮಾಡಿದರೆ ಎರಡು ನಿಜವಾದ ಚಿತ್ರಗಳ ನಡುವೆ ಎಐ ತಾನೇ ಒಂದು ಚಿತ್ರ ಊಹಿಸಿ ಸೇರಿಸುತ್ತದೆ.

"ಮುಂದಿನ ಚಿತ್ರ ಬರೋಕೆ ಮುಂಚೆ ನಡುವಿನದು ಹೇಗಪ್ಪ ಗೊತ್ತಾಗತ್ತೆ?"

"ಮುಂದಿಂದು ಬಂದಿರತ್ತೆ ಮೇಡಂ. ಅದನ್ನ ಕೈಯಲ್ಲೇ ಹಿಡ್ಕೊಂಡು ಮೊದಲು ನಡುವಿಂದು ತೋರ್ಸತ್ತೆ. ಅದಕ್ಕೇ ಒಂಚೂರು ತಡ. ಬ್ರೇಕ್ ಗೀಕ್ ಸ್ವಲ್ಪ ಲೇಟಾಗಿ ಹಿಡಿದಂಗೆ ಅನ್ನಿಸಬೋದು."

"ಅಂದ್ರೆ ಆ ನಡುವಿನದು ನಿಜವಾಗಿ ಆಗೇ ಇಲ್ಲ?"

"ಆಗಿಲ್ಲ. ಆದ್ರೆ ನೋಡೋರಿಗೆ ಆಗಿದೆ ಅನ್ಸತ್ತೆ."

ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತಿದ್ದೆ. ಆಗದೇ ಇದ್ದದ್ದನ್ನು ತೋರಿಸಿ ಆದದ್ದನ್ನು ಚೆಂದ ಮಾಡುವ ವಿದ್ಯೆ. ಆಹಾ! ಅಷ್ಟರಲ್ಲಿ ಫೋನ್ ಬಂತು. ಗೊಟ್ಟಿಗೆರೆಯ ನಾದಿನಿ.

"ಅತ್ತಿಗೇ, ಎಲ್ಲಿದೀರಾ? ಅಣ್ಣ ಒರಟ, ನಂಗೂ ಗೊತ್ತು. ಆದ್ರೆ ಒಂದ್ ಮಾತು ನನ್ನ ಕೇಳಬಾರದಿತ್ತಾ?"

ಆದದ್ದು ಇಷ್ಟು. ನಮ್ಮ ಎದುರು ಮನೆಯ ಆಂಟಿ ಬೆಳಿಗ್ಗೆ ರಂಗೋಲಿ ಹಾಕುವಾಗ ನಾನು ಸೂಟ್‌ಕೇಸ್ ಹಿಡಿದು ಆಟೋ ಹತ್ತುವುದನ್ನೂ ಅತ್ತೆ ಕಣ್ಣೊರೆಸುವುದನ್ನೂ ನೋಡಿದ್ದರು. ಸಂಜೆ ತರಕಾರಿಗೆ ಹೋದಾಗ ನಮ್ಮ ಯಜಮಾನರು ದರ್ಶಿನಿಯಲ್ಲಿ ಒಬ್ಬರೇ ನಿಂತು ಮಸಾಲೆ ದೋಸೆ ತಿನ್ನುತ್ತಿದ್ದುದನ್ನು ನೋಡಿದರು. ನಡುವಿನದನ್ನು ತಾವೇ ತುಂಬಿಸಿಕೊಂಡು ನಾದಿನಿಗೆ ಫೋನ್ ಮಾಡಿದ್ದರು. ಕಥೆ ಎಷ್ಟು ಸರಾಗವಾಗಿತ್ತೆಂದರೆ, ಕೇಳಿ ನನಗೇ ಗಂಡನ ಮೇಲೆ ಸ್ವಲ್ಪ ಸಿಟ್ಟು ಬಂತು.

ಮನೆಗೆ ಬಂದು ಅತ್ತೆಗೆ ಫ್ರೇಮ್ ಜನರೇಷನ್ ವಿವರಿಸಿದೆ. ಮೊದಲಿನದು ನಿಜ, ಕೊನೆಯದು ನಿಜ, ನಡುವಿನದು ಮಾತ್ರ ಊಹೆ ಎಂದೆ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ.

"ಓಹೋ. ಎದುರು ಮನೆಯವಳ ಕೆಲಸ ಅನ್ನು."

ಒಂದು ವೈಪರ್, ಎರಡು ನೆರಳು

ಫ್ರೇಮ್ ಜನರೇಷನ್ನಿನ ಗುಂಡಿ ಆನ್ ಮಾಡಿದೆ. ಅದೊಂದೇ ಅಲ್ಲ, ಕಂಡದ್ದನ್ನೆಲ್ಲ ಆನ್ ಮಾಡಿದೆ. ಅತ್ತೆ ಸ್ಟೇರಿಂಗಿಗೆ ನಮಸ್ಕಾರ ಮಾಡಿ ಹೊರಟರು. ಚಿತ್ರ ಸರಾಗವಾಯಿತು, ಆದರೆ ವಿಚಿತ್ರಗಳು ಶುರುವಾದವು. ಆಟದಲ್ಲಿ ಮಳೆ ಬಂತು. ಲಾರಿಯ ವೈಪರ್ ಆಡಿದಾಗ ಅದರ ಹಿಂದೆ ಇನ್ನೊಂದು ಮಸುಕಾದ ವೈಪರ್, ಅದರ ಹಿಂದೆ ಇನ್ನೂ ಒಂದು. ಸ್ಪೀಡು ತೋರಿಸುವ ಅಂಕಿ ಐವತ್ತೋ ಅರವತ್ತೋ ತಿಳಿಯದೆ ಎರಡೂ ಒಂದರ ಮೇಲೊಂದು ಕೂತಿದ್ದವು.

"ಈಗ ಎಷ್ಟರಲ್ಲಿದೀರಾ ಅತ್ತೆ?"

"ಎರಡರ ಮಧ್ಯೆ" ಅಂದರು ಅತ್ತೆ. ಗಣಿತದ ಮೇಡಂ ಆಗಿ ನಾನು ಅದನ್ನು ತಪ್ಪು ಎನ್ನಲಾರದೆ ಹೋದೆ.

ಮುಂದೊಂದು ಸರ್ಕಲ್ಲಿನಲ್ಲಿ ಅಡ್ಡಲಾಗಿ ಒಂದು ಕೆಂಪು ಲಾರಿ ಹೋಯಿತು. ಅದು ದಾಟಿದ ಮೇಲೂ ಅತ್ತೆ ಹೊರಡಲಿಲ್ಲ. ಯಾಕೆಂದು ನೋಡಿದರೆ ಆ ಲಾರಿಯ ಬಾಲಕ್ಕೆ ಹೊಗೆಯಂಥ ಅರ್ಧ ಲಾರಿ ಅಂಟಿಕೊಂಡು ಹೋಗುತ್ತಿದೆ.

"ಹೋಗಿ ಅತ್ತೆ, ಅದು ಲಾರಿ ಅಲ್ಲ, ಎಐ ಊಹಿಸಿದ್ದು."

"ಊಹೆ ಆದ್ರೇನು, ಬಂದಿದೆಯಲ್ಲ ಪಾಪ. ದಾರಿ ಬಿಡೋಣ."

ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. ಅವನು ನಕ್ಕು, ನಿಜವಾದ ಚಿತ್ರಗಳೇ ಕಡಿಮೆಯಿದ್ದರೆ ಎಐ ಊಹಿಸುವುದೂ ಎಡವಟ್ಟಾಗುತ್ತದೆ ಎಂದ. ಹುಲ್ಲು, ಮರ, ನೆರಳು ಸ್ವಲ್ಪ ಕಡಿಮೆ ಮಾಡಿ ಕಂಪ್ಯೂಟರಿನ ಭಾರ ಇಳಿಸಬೇಕು, ಆಮೇಲೆ ಇದನ್ನು ಆನ್ ಮಾಡಬೇಕು. ಯೋಚಿಸಿದರೆ ಸರಿಯೇ ಅನ್ನಿಸಿತು. ಎದುರು ಮನೆ ಆಂಟಿಯೂ ದಿನಕ್ಕೆರಡು ಸಲ ಇಣುಕಿದರೆ ಸೂಟ್‌ಕೇಸಿನ ಕಥೆ ಕಟ್ಟುತ್ತಾರೆ. ಗಂಟೆಗೊಂದು ಸಲ ಇಣುಕಿದ್ದರೆ ಕಥೆ ನಿಜಕ್ಕೆ ಹತ್ತಿರ ಇರುತ್ತಿತ್ತು.

ಸರಿ, ಸೆಟ್ಟಿಂಗಿನಲ್ಲಿ ಮರಗಳ ಮೇಲೆ ಕೈಯಿಟ್ಟೆ. ಅತ್ತೆ ನನ್ನ ಕೈ ಹಿಡಿದರು.

"ಮರ ಮುಟ್ಟಬೇಡ. ಬೆಂಗಳೂರಲ್ಲಿ ಕಡಿದಿದ್ದು ಸಾಲದಾ?"

ಕೊನೆಗೆ ಮರ ಉಳಿಸಿ ನೆರಳು ತೆಗೆದೆವು. ಮತ್ತೆ ಫ್ರೇಮ್ ಜನರೇಷನ್ ಆನ್ ಮಾಡಿದಾಗ ಲಾರಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ಒಂದು ವೈಪರಿನ ಜಾಗದಲ್ಲಿ ಒಂದೇ ವೈಪರ್. ಪೋಲೆಂಡ್ ಬಂತು, ಹೋಯಿತು. ಅತ್ತೆಗೆ ತಲೆ ಸುತ್ತಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಯಜಮಾನರನ್ನು ಅಡುಗೆಮನೆಯಿಂದ ಎಳೆದು ತಂದು ತೋರಿಸಿದೆ. ಅವರು ಕೈಕಟ್ಟಿ ನಿಂತು ನೋಡಿದರು.

"ಎಲ್ಲ ಸರಿ. ಇಷ್ಟು ಮರ ಇದೆ, ಒಂದಕ್ಕೂ ನೆರಳಿಲ್ಲವಲ್ಲ. ಅಮ್ಮಂಗೆ ಬಿಸಿಲು ಹೊಡೆಯಲ್ವಾ?"

ಆಯುಧ ಪೂಜೆ

ಆಯುಧ ಪೂಜೆಗೆ ನಮ್ಮ ಬೀದಿಯಲ್ಲಿ ಎಲ್ಲ ಗಾಡಿಗಳಿಗೂ ಬಾಳೆಕಂದು, ಚೆಂಡುಹೂವು. ನನ್ನ ಸ್ಕೂಟರಿಗೂ ಯಜಮಾನರ ಕಾರಿಗೂ ಪೂಜೆಯಾಯಿತು. ಅತ್ತೆ ಆರತಿ ತಟ್ಟೆ ಹಿಡಿದು ಒಳಗೆ ನಡೆದರು.

"ನಿಮ್ಮದೆಲ್ಲ ಆಯ್ತಲ್ಲ. ಇನ್ನು ನನ್ನ ಗಾಡಿ."

ಮಾನಿಟರಿಗೆ ವಿಭೂತಿ, ಸ್ಟೇರಿಂಗಿಗೆ ಸೇವಂತಿಗೆ ಮಾಲೆ. ಆಮೇಲೆ ತೊಡಕು ಬಂತು. ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ಅದರ ಮೇಲೆ ಹಾಯಿಸಬೇಕಲ್ಲ, ಈ ಲಾರಿಯ ಚಕ್ರ ಇರುವುದು ಗಾಜಿನೊಳಗೆ. ಕಾಲಿಡುವ ಜಾಗವೇ ಚಕ್ರವಿದ್ದ ಹಾಗೆ ಎಂದು ಅತ್ತೆ ತೀರ್ಮಾನಿಸಿ, ಕುಂಕುಮ ಹಚ್ಚಿದ ನಿಂಬೆಹಣ್ಣುಗಳನ್ನು ಮೇಜಿನಡಿ ಪೆಡಲ್ಲುಗಳ ಹತ್ತಿರ ಇಟ್ಟು, ಪೆಡಲ್ಲನ್ನು ಒಮ್ಮೆ ಒತ್ತಿ, ಕೈಮುಗಿದರು. ಪೂಜೆಯಾದ ಗಾಡಿಗೆ ಪೊರಕೆ ತಗಲಬಾರದು, ಆ ಮೇಜಿನಡಿ ಯಾರೂ ಗುಡಿಸಕೂಡದು ಎಂದು ಅಪ್ಪಣೆಯೂ ಆಯಿತು.

ಬೂದುಗುಂಬಳ ಒಡೆಯುವ ವಿಷಯದಲ್ಲಿ ಮಾತ್ರ ಯಜಮಾನರು ಅಡ್ಡ ಬಂದರು. ಮಾನಿಟರ್ ಮುಂದೆ ಒಡೆಯಬೇಕೆಂದು ಅತ್ತೆ, ಹಾಲಿನ ಟೈಲ್ಸ್ ಮೇಲೆ ಯಾರಾದರೂ ಜಾರಿ ಬೀಳುತ್ತಾರೆಂದು ಇವರು. ಕುಂಬಳಕಾಯಿ ಗೇಟಿನಾಚೆ ಒಡೆಯಿತು. ಯಜಮಾನರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ, ತಮಾಷೆ ಮಾಡಲು ಹೋದರು.

"ಪೂಜೆ ಏನೋ ಆಯ್ತಮ್ಮ. ಲಾರಿಗೆ ಇನ್ಶೂರೆನ್ಸ್ ಇದೆಯಾ?"

"ಮನೇಲೇ ಒಬ್ಬ ಇನ್ಶೂರೆನ್ಸೋನು ಇದಾನೆ" ಅಂದರು ಅತ್ತೆ. "ಇಷ್ಟು ದಿನ ಆಯ್ತು, ಹೆತ್ತ ತಾಯಿ ಹತ್ರ ಒಂದ್ ಪಾಲಿಸಿ ಮಾಡ್ಸಿಲ್ಲ. ಆಫೀಸಲ್ಲಿ ಇನ್ನೇನು ಕೆಲಸ ಮಾಡ್ತಾನೋ!"

ಹೋಲ್ಡಾನ್

ಹಬ್ಬ ಕಳೆದ ಮೇಲೆ ಹೊಸ ಕಷ್ಟ ಶುರುವಾಯಿತು. ಬ್ರೇಕು ತಡವಾಗಿ ಹಿಡಿಯತೊಡಗಿತು. ಸಿಗ್ನಲ್ಲಿನಲ್ಲಿ ನಿಲ್ಲಬೇಕಾದ ಲಾರಿ ಸಿಗ್ನಲ್ ದಾಟಿ ನಿಲ್ಲುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಬೇಕಾದದ್ದು ಬಂಕಿನ ಹಿಂದಿನ ಹೊಲದಲ್ಲಿ.

ಅಂಗಡಿಯವನು ಮೊದಲೇ ಎಚ್ಚರಿಸಿದ್ದನಲ್ಲ, ಇದು ಆ ನಡುವಿನ ಚಿತ್ರದ ತಡವೇ ಎಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸ್ಕೂಲಿನಿಂದ ಬಂದವಳೇ ಸೆಟ್ಟಿಂಗ್ ತಿರುವುತ್ತಾ ಕೂತೆ. ತಡ ಕಡಿಮೆ ಮಾಡುವ ಇನ್ನೊಂದು ಗುಂಡಿ ಕಂಡೆ, ಅದನ್ನೂ ಆನ್ ಮಾಡಿದೆ. ಏನೂ ಆಗಲಿಲ್ಲ. ಫ್ರೇಮ್ ಜನರೇಷನ್ನನ್ನೇ ತೆಗೆದು ನೋಡೋಣವೆಂದರೆ, ಬ್ರೇಕ್ ಒತ್ತುವ ಜಾಗ ಬರುವ ಮೊದಲೇ ಅತ್ತೆಗೆ ತಲೆ ಸುತ್ತುತ್ತಿತ್ತು. ನಾನೇ ಓಡಿಸಿ ನೋಡೋಣವೆಂದರೆ, ನನ್ನ ಲಾರಿ ಯಾವತ್ತೂ ಬ್ರೇಕಿನವರೆಗೆ ಹೋದದ್ದೇ ಇಲ್ಲ. ಅದಕ್ಕೆ ಮೊದಲೇ ಹಳ್ಳಕ್ಕೆ ಇಳಿಯುತ್ತಿತ್ತು.

ಕೊನೆಗೆ ಅತ್ತೆಯೇ ದಾರಿ ಕಂಡುಹಿಡಿದರು. "ನೀನು ಪಕ್ಕದಲ್ಲಿ ಕೂತ್ಕೋ. ನಿಲ್ಲೋ ಜಾಗ ದೂರದಲ್ಲಿರುವಾಗಲೇ ಕೂಗು. ನಾನು ಆವಾಗಿಂದಲೇ ಒತ್ತುತಾ ಬರ್ತೀನಿ."

ಹೀಗೆ ನಾನು ಕಂಡಕ್ಟರಾದೆ. ಕುರ್ಚಿ ಎಳೆದುಕೊಂಡು ಕೂತು, ದೂರದಲ್ಲಿ ಕೆಂಪು ದೀಪ ಕಂಡರೆ "ಹೋಲ್ಡಾನ್, ಹೋಲ್ಡಾನ್!" ಹಸಿರಾದರೆ "ರೈಟ್, ರೈಟ್!" ಕಿಟಕಿ ತೆರೆದೇ ಇರುತ್ತಿತ್ತು. ಒಂದು ದಿನ ನನ್ನ ಕೂಗು ಕೇಳಿ, ನಮ್ಮ ಮನೆ ಮುಂದೆ ಹೋಗುತ್ತಿದ್ದ ನಿಜವಾದ ಆಟೋ ಗಕ್ಕನೆ ನಿಂತಿತು. ಆಟೋ ಅಣ್ಣ ಕಿಟಕಿಯ ಕಡೆ ಕತ್ತು ಚಾಚಿದ.

"ಎಲ್ಲಿಗಕ್ಕಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸ್ಟೇರಿಂಗ್ ಬಿಡದೆ ಹೇಳಿದರು: "ಆಸ್ಟ್ರಿಯಾ."

"ಆ ಕಡೆ ಬರಲ್ಲ ಅಮ್ಮ" ಎಂದು ಅವನು ಹೊರಟೇಹೋದ.

ಟೋಲ್ ಗೇಟು

ದೀಪಾವಳಿ ಬಂತು. ನಾದಿನಿ ಬಂದಳು. ಒಬ್ಬಟ್ಟಿನ ಊಟವಾಗಿ ಎಲೆಅಡಿಕೆ ಹಾಕಿಕೊಂಡ ಮೇಲೆ ಯಜಮಾನರು ಗಡಿಯಾರ ನೋಡಿ, "ಆಗಲಿ" ಅಂದರು. ಅವರ ಕಾರಿನ ಡಿಕ್ಕಿ ಆಗಲೇ ಖಾಲಿ ಮಾಡಿಟ್ಟಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ಅತ್ತೆ ಹಬ್ಬದ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಕೂತರು. ಲೋಡು ಗಾಜಿನ ಹಲಗೆಗಳು. ಬೇರೆ ಏನಾದರೂ ತಗೊಳ್ಳಿ ಎಂದು ಪಿಸುಗುಟ್ಟಿದೆ. "ನೋಡೋರು ಬಂದಿದಾರೆ, ತರಕಾರಿ ತಗೊಂಡು ಹೋಗೋಕಾಗತ್ತಾ?" ಅಂದರು.

ಹೊರಟರು. ಬೆಟ್ಟದ ತಿರುವುಗಳು ಒಂದಾದಮೇಲೊಂದು ಬಂದವು. ಚಿತ್ರ ಎಲ್ಲೂ ಜಗ್ಗಲಿಲ್ಲ. ಅತ್ತೆಯ ತಲೆ ಕಲ್ಲಿನಂತೆ ನೆಟ್ಟಗಿತ್ತು. ಮೊದಲು ಗೋಡೆಗೆ ಒರಗಿದ್ದ ನಾದಿನಿ ಸೋಫಾದ ತುದಿಗೆ ಬಂದಳು, ಆಮೇಲೆ ಅತ್ತೆಯ ಕುರ್ಚಿಯ ಹಿಂದಕ್ಕೇ ಬಂದು ನಿಂತಳು. "ಅಮ್ಮಾ, ಇದು ನೀನೇನಾ ಓಡಿಸ್ತಿರೋದು?" ಎಂದಳು. ಇನ್ನೇನು ಗೆದ್ದೆವು ಅಂದುಕೊಂಡೆ. ಅದೇ ಹೊತ್ತಿಗೆ ಎದುರು ಮನೆಯ ಆಂಟಿ ಹಬ್ಬದ ತಿಂಡಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಎಲ್ಲರೂ ಅತ್ತ ತಿರುಗಿದೆವು. ಕಂಡಕ್ಟರ್ ಕೂಡ.

ಮತ್ತೆ ಮಾನಿಟರ್ ನೋಡಿದಾಗ ಟೋಲ್ ಗೇಟು ಮೂಗಿನ ಮುಂದಿತ್ತು. ಅದರಲ್ಲಿ ಒಂದು ಪುಟ್ಟ ಕಾರು ನಿಂತಿತ್ತು.

"ಹೋಲ್ಡಾನ್!" ಎಂದು ಕಿರುಚಿದೆ.

ಅತ್ತೆ ಬ್ರೇಕ್ ಒತ್ತಿದರು. ಲಾರಿ ನಿಧಾನವಾಗಲೊಲ್ಲದು. "ನೋಡಿದ್ಯಾ, ನಾನು ಹೇಳಿದ್ನಲ್ಲ" ಎಂದು ಯಜಮಾನರು ಶುರುಮಾಡಿದರು. ಅತ್ತೆ ಒಮ್ಮೆ ಮಗನ ಕಡೆ ನೋಡಿದರು. ಆ ನೋಟದಲ್ಲಿ ಹಳೇ ಕಾರೂ ಇತ್ತು, ಅದರ ಡೋರೂ ಇತ್ತು. ಎರಡೂ ಕಾಲೆತ್ತಿ ಬ್ರೇಕಿನ ಮೇಲೆ ನಿಂತೇಬಿಟ್ಟರು.

ಟಪ್ ಎಂದು ಮೇಜಿನಡಿಯಿಂದ ಏನೋ ಚಿಮ್ಮಿತು. ಲಾರಿ ಆ ಪುಟ್ಟ ಕಾರಿನ ಹಿಂದೆ, ನಡುವೆ ಒಂದು ಗೇಣು ಬಿಟ್ಟು, ನಿಂತಿತು. ಒಂದು ಗಾಜೂ ಒಡೆಯಲಿಲ್ಲ.

ಚಿಮ್ಮಿದ್ದು ಹಾಲಿನ ನಡುವೆ ಉರುಳಿಕೊಂಡು ಬಂದು ಯಜಮಾನರ ಪಾದಕ್ಕೆ ತಗಲಿತು. ಒಣಗಿ ಕಂದಾಗಿದ್ದ, ಮೈತುಂಬ ಕುಂಕುಮದ ನಿಂಬೆಹಣ್ಣು.

"ಅಯ್ಯೋ, ಮಾಟ!" ಎಂದು ನಾದಿನಿ ಸೋಫಾ ಹತ್ತಿದಳು. ಆಂಟಿಯ ಕೈಯ ತಟ್ಟೆ ಬಿತ್ತು, ಚಕ್ಕುಲಿ ನಾಲ್ಕೂ ದಿಕ್ಕಿಗೆ ಓಡಿದವು, ಆಂಟಿ ಐದನೇ ದಿಕ್ಕಿಗೆ. ಯಜಮಾನರು ಮಾತ್ರ ಕದಲದೆ ನಿಂತಿದ್ದರು. ಧೈರ್ಯಕ್ಕಲ್ಲ, ಕಾಲು ಬರಲಿಲ್ಲವಂತೆ.

ನಾನು ಮೇಜಿನಡಿ ತೂರಿ ನೋಡಿದೆ. ಬ್ರೇಕಿನ ಪೆಡಲ್ಲಿನ ಹಿಂದೆ ನಿಂಬೆಹಣ್ಣು ಕೂತಿದ್ದ ದುಂಡನೆಯ ಕುಂಕುಮದ ಗುರುತು. ಆಯುಧ ಪೂಜೆಯ ದಿನ ಸೇರಿಕೊಂಡದ್ದು ಅಲ್ಲೇ ಒಣಗಿ ಗಟ್ಟಿಯಾಗಿ, ಪೆಡಲ್ಲನ್ನು ಪೂರ್ತಿ ಒತ್ತಲು ಬಿಟ್ಟಿರಲಿಲ್ಲ. ಪಾಪ, ನಾನು ಅಷ್ಟು ದಿನ ಎಐಯನ್ನು ಬೈದದ್ದೇ ಬಂತು. ಅತ್ತೆ ಮತ್ತೊಮ್ಮೆ ಬ್ರೇಕ್ ಒತ್ತಿ ನೋಡಿದರು. ಎಂಥ ಬ್ರೇಕು!

ಯಜಮಾನರು ನಿಂಬೆಹಣ್ಣನ್ನು ಪೇಪರಿನಲ್ಲಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಡಿಕ್ಕಿಯಿಂದ ತೆಗೆದಿಟ್ಟಿದ್ದ ಸಾಮಾನೆಲ್ಲ ವಾಪಸ್ ಡಿಕ್ಕಿಗೆ ತುಂಬಿದರು. ಬಂದು ಅತ್ತೆಯ ಪಕ್ಕದ ಕಂಡಕ್ಟರ್ ಕುರ್ಚಿಯಲ್ಲಿ ಕೂತು, ಮೆಲ್ಲಗೆ, "ಅಮ್ಮಾ, ನಾನೊಂದ್ ಸಲ ಓಡಿಸಿ ನೋಡ್ಲಾ?" ಎಂದು ಕೇಳಿದರು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. ಎಷ್ಟು ವರ್ಷದಿಂದ ಆ ಮಾತು ಬಾಯಲ್ಲಿತ್ತೋ.

"ನೀನು ಮೊದಲು ಡಿಕ್ಕಿ ಸರಿಯಾಗಿ ಹಾಕಿ ಬಾ."

ಸೋಫಾ

ಮರುದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಎದುರು ಮನೆಯ ಆಂಟಿ ಬಂದರು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ, ಕಣ್ಣು ಕೆಂಪಗಿತ್ತು. ಬಾಗಿಲಾಚೆಯೇ ನಿಂತು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ನಾನು ಯಾರಿಗೂ ಹೇಳಲ್ಲ ಕಣಮ್ಮ. ನಿಮ್ಮನೆ ಕಂಪ್ಯೂಟರ್ ಮೊದಲು ಜಗ್ಗುತಿತ್ತು, ಈಗ ಸರಾಗ ಓಡತ್ತೆ. ಆ ನಿಂಬೆಹಣ್ಣು ಎಲ್ಲಿ ಮಾಡಿಸಿದ್ದು? ನಮ್ಮನೆ ವೈಫೈ ಬಹಳ ನಿಧಾನ."

ನನಗೆ ನಗು ತಡೆಯಲಾಗಲಿಲ್ಲ. ಇದ್ದದ್ದನ್ನೇ ಹೇಳಿದೆ. "ನಿಂಬೆಹಣ್ಣು ಇಟ್ಟಿದ್ದಕ್ಕೆ ಸರಿಹೋಗಿದ್ದಲ್ಲ ಆಂಟಿ, ತೆಗೆದಿದ್ದಕ್ಕೆ."

ಆಂಟಿಯ ಮುಖದ ಬಣ್ಣವೇ ಬದಲಾಯಿತು. "ಹಾಗಾದ್ರೆ ನಮ್ಮನೇಲೂ ಯಾರೋ ಎಲ್ಲೋ ಇಟ್ಟಿದಾರೆ" ಎಂದವರೇ ಸರಸರನೆ ಹೊರಟುಹೋದರು. ಕೂಗಿದರೂ ನಿಲ್ಲಲಿಲ್ಲ.

ಸಂಜೆ ಸ್ಕೂಲಿನಿಂದ ಬಂದಾಗ ಅವರ ಮನೆಯ ಸೋಫಾ ಬೀದಿಯಲ್ಲಿತ್ತು. ಪಕ್ಕದಲ್ಲಿ ಹಾಸಿಗೆ, ಶೋಕೇಸು, ದಸರಾ ಬೊಂಬೆಯ ಟ್ರಂಕು. ಅವರ ಯಜಮಾನರು ಗೇಟಿನ ಹತ್ತಿರ ತಲೆಮೇಲೆ ಕೈಹೊತ್ತು ಕೂತಿದ್ದರು. ಅತ್ತ ಆಂಟಿ ಟಾರ್ಚ್ ಹಿಡಿದು ಸೋಫಾದ ಹೊಟ್ಟೆಯೊಳಗೆ ಹುಡುಕುತ್ತಿದ್ದರು. ಬೆಳಗಿನ ಮಾತು ಅತ್ತೆಗೆ ಹೇಳುವುದನ್ನೇ ಮರೆತಿದ್ದೆನಲ್ಲ ಎಂದು ನೆನಪಾಗಿ ಒಳಗೆ ಓಡಿದೆ.

ತಡವಾಗಿತ್ತು. ಅತ್ತೆ ಲಾರಿಯನ್ನು ರಸ್ತೆಬದಿಗೆ ಹಾಕಿ, ಇಂಡಿಕೇಟರ್ ಮಿನುಗಿಸುತ್ತಾ ನಿಲ್ಲಿಸಿ, ಕಿಟಕಿಯ ಪರದೆ ಸರಿಸಿಕೊಂಡು ಗೊಟ್ಟಿಗೆರೆಗೆ ಫೋನಿನಲ್ಲಿದ್ದರು.

"ಕೇಳಿಲ್ಲಿ. ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದಿದ್ದಳು, ಸ್ನಾನದಮನೆ ಕಿಟಕಿಯಿಂದ ನೋಡ್ದೆ, ಅತ್ತೂ ಅತ್ತೂ ಕಣ್ಣು ಕೆಂಪು. ಈಗ ನೋಡಿದ್ರೆ ಸಾಮಾನೆಲ್ಲ ಬೀದೀಲಿ, ಗಂಡ ತಲೆಮೇಲೆ ಕೈ ಇಟ್ಕೊಂಡು ಕೂತಿದಾನೆ. ಮಧ್ಯೆ ಏನಾಯ್ತು ಅಂತ ಬೇರೆ ಹೇಳಬೇಕಾ? ಹೇಳ್ತೀನಿ, ಕೇಳು..."